ದೋಣಿಗೆ ವೈರ್‌ಲೆಸ್ ಕೂಡಿಸಿದ್ದು

ಯಾರಾದರೂ "ಇದು ನಿಮ್ಮಿಂದ ಆಗೂದಲ್ಲ, ಬಿಡ್ರಿ" ಎಂದರೆ ಸಾಕು, ಅದನ್ನು ಮಾಡಿ ಮುಗಿಸುವ ತನಕ ನನಗೆ ಉಂಡ ರೊಟ್ಟಿ ಮೈಗೆ ಹತ್ತುವುದಿಲ್ಲ. ಇದು ಗುಣವೋ ರೋಗವೋ ಎಂದು ನನ್ನ ಹೆಂಡತಿ ಮಹಾದೇವಿ ಮದುವೆಯಾದಾಗಿನಿಂದ ವಿಚಾರ ಮಾಡುತ್ತಲೇ ಇದ್ದಳು. ನಾನು ಊರ ದೋಣಿಗೆ ವೈರ್‌ಲೆಸ್ ಕೂಡಿಸಿದ ಮೇಲೆ ರೋಗವೇ ಎಂದು ತೀರ್ಮಾನಿಸಿದ್ದಾಳೆ. ನಾನು ಒಪ್ಪಿಲ್ಲ.

ನಮ್ಮ ಊರು ಸುರಪುರ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗಿದೆ. ನಾನು ಮಾಸ್ತರನಾಗಿರುವ ಶಾಲೆ ಹೊಳೆಯೊಳಗಿನ ನಡುಗಡ್ಡೆಯಲ್ಲಿ. ಮೇಲೆ ಅಣೆಕಟ್ಟಾಗಿ, ಕಾಲುವೆಗೆ ನೀರು ಬಂದು, ಶಹಾಪುರದ ಕಡೆಯವರೆಲ್ಲ ಭತ್ತ ಬೆಳೆಯತೊಡಗಿದರು. ಸಂತೋಷವೇ. ಆದರೆ ಮೊದಲೆಲ್ಲ ಹೊಳೆ ಕೆಂಪಾಗಿ, ಕಸಕಡ್ಡಿ ತೇಲಿಸಿ, ಬರುತ್ತೇನೆಂದು ಹೇಳಿ ಬರುತ್ತಿತ್ತು. ಈಗ ಗೇಟು ಎತ್ತಿದರೆಂದರೆ ಬಂದೇಬಿಟ್ಟಿತು. ನೀರಾವರಿ ಇಲಾಖೆಯ ಜೀಪು ದಂಡೆಯ ಮೇಲೆ ಕೂಗಿಕೊಂಡು ಹೋಗುತ್ತದೆ. ನಡುನೀರಿನ ದೋಣಿಗೆ ಅದು ಕೇಳಬೇಕಲ್ಲ? ಅದಕ್ಕೇ ಕರಾವಳಿಯಲ್ಲಿ ಮೀನುಗಾರರ ಬೋಟಿನ ರೇಡಿಯೊ ರಿಪೇರಿ ಮಾಡುವ ಹೆಂಡತಿಯ ತಮ್ಮನಿಗೆ ಗಂಟುಬಿದ್ದು, ಎರಡೂ ಕಡೆಯಿಂದ ಮಾತಾಡಬಹುದಾದ ಹಳೆಯ ಸೆಟ್ಟುಗಳ ಜೋಡಿಯೊಂದನ್ನು ತರಿಸಿದೆ.

ದೋಣಿಗೆ ಕೂಡಿಸಲು ಒಪ್ಪಿಗೆ ಕೇಳಹೋದರೆ ಇಲಾಖೆಯ ಸಾಹೇಬರು ನಕ್ಕುಬಿಟ್ಟರು. "ಮಾಸ್ತರ, ಇದು ಸಮುದ್ರದಾಗ ಹೋಗೂ ಬೋಟಿಗೆ ಹಾಕೂದು. ಸುರಪುರದಾಗ ಸಮುದ್ರ ಎಲ್ಲದರಿ?"

"ಸಮುದ್ರ ಇಲ್ರಿ ಸಾಹೇಬ್ರ. ಮುಳುಗಾಕ ಸಾಕಾಗೂವಷ್ಟು ನೀರು ಅದ," ಎಂದೆ. ಬರುವ ಸೋಮವಾರ ನಮ್ಮ ಮನೆಗೇ ಬರ್ರಿ, ಹೊಳೆಯ ನಡುವಿನಿಂದ ಮಾತಾಡಿ ತೋರಿಸುತ್ತೇನೆ ಎಂದು ಸವಾಲೂ ಹಾಕಿ ಬಂದೆ.

ಅಂಬಿಗ ಸಾಬಣ್ಣ ತನ್ನ ದೋಣಿಗೆ ಮೊಳೆ ಹೊಡೆಯಲು ಬಿಡಲಿಲ್ಲ. "ಬೇಕಾದ್ರ ನಿಮ್ಮ ತಲಿಗೆ ಹೊಡಕೋರಿ," ಎಂದ. ಹಗ್ಗದಿಂದ ಬಿಗಿದೆ. ಟ್ರ್ಯಾಕ್ಟರಿನ ಬ್ಯಾಟರಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಹಲಗೆಯ ಕೆಳಗಿಟ್ಟೆ, ಬಿದಿರ ಗಳದ ತುದಿಗೆ ಏರಿಯಲ್ ಕಟ್ಟಿದೆ. ತಂತಿ ಉಲ್ಟಾ ಕೊಟ್ಟು ಒಮ್ಮೆ ಹೊಗೆ ಎಬ್ಬಿಸಿದ್ದನ್ನು ಬಿಟ್ಟರೆ ಎಲ್ಲ ಸುಸೂತ್ರ. ಇನ್ನೊಂದು ಸೆಟ್ಟು ನಮ್ಮ ಮನೆಯ ಕಿಟಕಿಯಲ್ಲಿ, ಮಹಾದೇವಿಯ ವಶದಲ್ಲಿ. ಅದರಿಂದ ಹೊರಟ ಮೊದಲ ಮಾತನ್ನು ಇಡೀ ದಂಡೆಯೇ ಕೇಳಿತು: "ರೀ, ಬರೂವಾಗ ಉಪ್ಪು ತರ್ರಿ!"

ಸೋಮವಾರ ಸಾಹೇಬರು ನಿಜವಾಗಿಯೂ ಬಂದು ನಮ್ಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತರು. ಇತ್ತ ದೋಣಿಯ ತುಂಬ ನಡುಗಡ್ಡೆಯ ಹೊಲಗಳಲ್ಲಿ ಕಳೆ ಕೀಳಲು ಹೊರಟ ಹೆಂಗಸರು. ದಂಡೆ ಬಿಡುತ್ತಲೇ ನಾನು ಗುಂಡಿ ಒತ್ತಿ ಶುರುಮಾಡಿದೆ. ನಕ್ಕವರನ್ನು ನೆನೆದೆ, ಹೊಳೆದಂಡೆಯವರ ಪ್ರಾಣಕ್ಕೆ ಬೆಲೆಯಿಲ್ಲವೇ ಎಂದು ಕೇಳಿದೆ, ಸಮುದ್ರದ ವ್ಯಾಖ್ಯೆಯನ್ನೇ ತಿದ್ದಿದೆ. ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು. ಮುಂದಿನ ಪದ ಸಿಗದೆ ಒಂದು ಗಳಿಗೆ ತಡವರಿಸಿದಾಗ ಬೆರಳು ಸಡಿಲಾಯಿತು. ಪೆಟ್ಟಿಗೆ ಮಹಾದೇವಿಯ ದನಿಯಲ್ಲಿ ಕಿರುಚಿತು:

"...ಬಾಯಿ ಮುಚ್ರೀ! ಆಗಿಂದ ಒದರಾಕತ್ತೀನಿ, ಜೀಪು ಕೂಗಿಕೊಂತ ಹೋತು, ಗೇಟ್ ಎತ್ಯಾರ! ಹೊಳ್ಳಿ ಬರ್ರಿ!"

ನಾವು ಗುಂಡಿ ಒತ್ತಿರುವ ತನಕ ಆಚೆಯವರ ಮಾತು ಈಚೆ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಭಾಷಣದ ಭರದಲ್ಲಿ ಮರೆತಿದ್ದೆ. ಸಾಬಣ್ಣ ದೋಣಿ ತಿರುಗಿಸಿದ. ಹೆಂಗಸರು ಬುಟ್ಟಿಯ ಮುಚ್ಚಳ, ಅಂಗೈ, ಸಿಕ್ಕಿದ್ದರಿಂದಲೇ ನೀರು ತಳ್ಳಿದರು. ನಾನೂ ತಳ್ಳಿದೆ. ಎಲ್ಲರೂ ಇಳಿದು ದಂಡೆ ಹತ್ತಿ ತಿರುಗಿ ನೋಡುವಷ್ಟರಲ್ಲಿ, ದೋಣಿ ಕಟ್ಟುವ ಬಂಡೆಯ ಮೇಲೆ ನೀರು ಹರಿಯುತ್ತಿತ್ತು.

ಮಹಾದೇವಿಯೊಡನೆ ದಂಡೆಗೆ ಓಡಿಬಂದಿದ್ದ ಸಾಹೇಬರು ನನ್ನತ್ತ ನೋಡದೆ ಅವಳಿಗೆ ಕೈಮುಗಿದರು. ಸೆಟ್ಟು ದೋಣಿಯಲ್ಲೇ ಇರಬೇಕೆಂದು ಊರೆಲ್ಲ ಒಪ್ಪಿತು. ಆದರೆ ಮಾಸ್ತರರ ಕೈಗೆ ಗುಂಡಿ ಕೊಡಬಾರದು ಎಂದೂ ಒಪ್ಪಿತು! ನಾನು ಸುಮ್ಮನೆ ಬಿಡಲಿಲ್ಲ. ಕೂಡಿಸಿದವನು ನಾನು, ಮಾತಾಡುವ ಹಕ್ಕು ನನಗಿಲ್ಲವೇ ಎಂದು ಕಟ್ಟೆಯ ಮೇಲೆ ಹಟ ಹಿಡಿದು ಕುಳಿತೆ. ಕೊನೆಗೆ ಊರು ನನಗೆ ಮಣಿಯಿತು. ಮಹಾದೇವಿ ಹೇಳುವುದೆಲ್ಲ ಮುಗಿದ ಮೇಲೆ ನಾನು ಗುಂಡಿ ಒತ್ತಿ "ಹೂಂ" ಎನ್ನಬಹುದು. ಅಷ್ಟೇ. ಆದರೆ ಆ ಹೂಂ ಅನ್ನು ನಾನು ಯಾರಪ್ಪನಿಗೂ ಅಂಜದೆ, ಎದೆಯುಬ್ಬಿಸಿ ಹೇಳುತ್ತೇನೆ.