ಅಳಿಯನ ಎಣ್ಣೆಸ್ನಾನಕ್ಕೆ ಬಾಯ್ಲರ್ ತಂದದ್ದು

ವಸ್ತು ಆರಿಸುವುದರಲ್ಲಿ ನಮ್ಮ ಅಗಡಿ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಈ ಮಾತು ಹೇಳದಿದ್ದುದರಿಂದ, ಹೇಳುವ ಜವಾಬ್ದಾರಿಯೂ ನನ್ನ ಮೇಲೆಯೇ ಬಿತ್ತು.

ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯಂದಿರು ಬರುವವರಿದ್ದರು. ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದರಲ್ಲಿ ಎಳ್ಳಷ್ಟು ಕೊರತೆಯಾದರೂ ಬೀಗರ ಊರಲ್ಲಿ ನನ್ನ ಮಾನ ಮೂರು ಕಾಸಿಗೆ ಹರಾಜು! ಹಿತ್ತಲ ಒಲೆಯ ಮೇಲಿನ ತಾಮ್ರದ ಹಂಡೆ ಹಳೇ ಕಾಲದ್ದೆಂದು ಕಂಡಿತು. ಹೊರಗೆ ನಿಲ್ಲಿಸಿ ಕಟ್ಟಿಗೆ ಉರಿಸುವ ಬಾಯ್ಲರ್ ತರಲು ತೀರ್ಮಾನಿಸಿದೆ.

"ಹಂಡೇಕ ಏನಾಗೈತ್ರಿ? ನಿಮ್ಮವ್ವ ಅದರಾಗ ನೀರು ಕಾಸೇ ನಿಮ್ಮನ್ನ ಬೆಳೆಸ್ಯಾರ," ಎಂದಳು ಹೆಂಡತಿ.

"ಅದಕ್ಕ ನಾ ಹಿಂಗ ಆಗೇನಿ."

"ಅದು ಖರೇ," ಎಂದಳು. ಅಷ್ಟು ಬೇಗ ಒಪ್ಪಬಾರದಿತ್ತು.

ಹಾವೇರಿಯ ಅಂಗಡಿಗಳು ನನ್ನ ಮಟ್ಟಕ್ಕೆ ಸಾಲದೆ ರಾಣೆಬೆನ್ನೂರಿಗೆ ಹೋದೆ. ಐದು ಅಂಗಡಿ ಸುತ್ತಿದೆ. ತಗಡು ಬಾರಿಸಿದೆ, ನಳ ತಿರುವಿದೆ, ಹೊಗೆ ಕೊಳವೆಯಲ್ಲಿ ಇಣುಕಿದೆ. ಕೊನೆಯ ಅಂಗಡಿಯವನು ಸೋತು, "ಸರ, ಬಾಯ್ಲರ್ ತೊಗೊಳ್ಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಎಂದ. ನೂರು ಲೀಟರಿನದೊಂದನ್ನು ಟಂಟಂ ಆಟೋದಲ್ಲಿ ಹೇರಿಸಿ ಊರೆಲ್ಲ ನೋಡುವಂತೆ ತಂದೆ. ಹಂಡೆ ಅಟ್ಟ ಸೇರಿತು.

ಇನ್ನು ಉರುವಲು. ಬ್ಯಾಡಗಿಯ ನನ್ನ ತಂಗಿಯ ಮನೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ನಡೆಯುತ್ತದೆ. ಆ ತೊಟ್ಟನ್ನೇ ಎರಡು ಚೀಲ ಪುಕ್ಕಟೆ ತಂದೆ. ನಡುವೆ ಒಂದಷ್ಟು ಮುರುಕು ಕಾಯಿ, ಬೀಜವೂ ಇದ್ದವು.

"ಇದನ್ನ ಉರಸ್ತೀರೇನ್ರಿ? ಘಾಟು ಏಳತೈತಿ!" ಎಂದಳು ಹೆಂಡತಿ.

"ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ. ಜಗತ್ತಿಗೇ ಗೊತ್ತೈತಿ, ನಿನಗೊಬ್ಬಾಕಿಗೆ ಗೊತ್ತಿಲ್ಲ!"

"ಅದು ಸಾರಿಗೆ ಹಾಕಿದಾಗ್ರಿ," ಎಂದು ಒಳಗೆ ಹೋದಳು.

ಹಬ್ಬದ ಬೆಳಿಗ್ಗೆ ಅಳಿಯಂದಿರು ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಟವೆಲ್ ಸುತ್ತಿಕೊಂಡು, ಹಿತ್ತಲಲ್ಲಿ ಮಣೆಯ ಮೇಲೆ ಕುಳಿತರು. ನಾನು ಬಾಯ್ಲರಿನ ಒಲೆಗೆ ಅರ್ಧ ಚೀಲ ತೊಟ್ಟು ಸುರಿದು ಕಡ್ಡಿ ಗೀರಿದೆ. ಮೊದಲು ನಾನು ಸೀನಿದೆ. ಆಮೇಲೆ ಎಮ್ಮೆ ಸೀನಿತು. ಆಮೇಲೆ ಓಣಿಗೆ ಓಣಿಯೇ ಕೆಮ್ಮತೊಡಗಿತು!

"ಯಾರಲೇ ಅವರು, ಊರಿಗೆಲ್ಲ ಒಗ್ಗರಣಿ ಹಾಕಾಕತ್ತಾರ?" ಎಂದು ಪಕ್ಕದ ಮನೆಯ ಬಸಣ್ಣ ಗೋಡೆಯಾಚೆಯಿಂದ ಕೂಗಿದ.

ಅಳಿಯಂದಿರು ಕಣ್ಣುಜ್ಜಿಕೊಂಡರು. ಎಣ್ಣೆಗೈ! ಕಣ್ಣು ಮುಚ್ಚಿಕೊಂಡೇ ಬೀದಿಗೆ ಓಡಿದರು. ಎಣ್ಣೆ ಹಚ್ಚಿದ ಅಳಿಯನನ್ನು ಹಿಡಿದು ನಿಲ್ಲಿಸುವುದು ಸಾಮಾನ್ಯ ವಿದ್ಯೆಯಲ್ಲ. ನಾನು ಎರಡು ಸಲ ಹಿಡಿದೆ, ಎರಡು ಸಲವೂ ಜಾರಿದರು. ಕೊನೆಗೆ ಬಸಣ್ಣನೇ ಅವರನ್ನು ತನ್ನ ಬಚ್ಚಲಿಗೆ ಕರೆದೊಯ್ದು ನೀರೆರೆದ. ನನ್ನ ಅಳಿಯನ ಮೊದಲ ದೀಪಾವಳಿಯ ಜಳಕ ಪಕ್ಕದ ಮನೆಯಲ್ಲಾಯಿತು!

ಊಟದ ಹೊತ್ತಿಗೆ ತಲೆ ತಗ್ಗಿಸಿ, "ನಾಳೆ ಚಲೋ ಕಟಗಿ ಹಾಕಿ ನೀರು ಕಾಸ್ತೇನ್ರಿ," ಎಂದೆ.

"ಬ್ಯಾಡ್ರಿ ಮಾವಾರ," ಎಂದರು ಅಳಿಯಂದಿರು, ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ. "ನಾ ಸಣ್ಣಾಂವ ಇದ್ದಾಗಿಂದ ತಣ್ಣೀರಾಗ ಜಳಕ ಮಾಡಾಂವ. ಬಿಸಿನೀರು ನನಗ ಆಗಿ ಬರಂಗಿಲ್ಲ. ನೀವು ಇಷ್ಟು ಹುರುಪಿಲೆ ಓಡ್ಯಾಡಾಕತ್ತಿದ್ರಿ, ಹೆಂಗ ಹೇಳೂದಂತ ಸುಮ್ನಿದ್ದೆ."

"ಮೊದಲ ಅವರನ್ನ ಒಂದು ಮಾತು ಕೇಳಬಾರದಿತ್ತೇನ್ರಿ?" ಎಂದಳು ಹೆಂಡತಿ.

ಕೇಳಬಹುದಿತ್ತು. ಆದರೆ ಎಲ್ಲ ಬಲ್ಲವರಿಗೆ ಕೇಳುವ ರೂಢಿ ಇರುವುದಿಲ್ಲ.