ಅಳೆಯದೆ ಸಹಿ ಹಾಕದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಂಥ ಸತ್ಯವಂತ ಇನ್ನೊಬ್ಬ ಇದ್ದಿದ್ದರೆ ಭದ್ರಾವತಿಯಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ, ಯಾರಿಗೂ ಬಾಡಿಗೆ ಮನೆಯೂ ಸಿಗುತ್ತಿರಲಿಲ್ಲ! ಒಬ್ಬರೇ ಇದ್ದದ್ದರಿಂದ ನಷ್ಟ ನಮ್ಮ ಮನೆಗೆ ಮಾತ್ರ ಆಯಿತು.

ದೋಷ ಅವರದಲ್ಲ, ಕಸುಬಿನದು. ಕಬ್ಬಿಣದ ಕಾರ್ಖಾನೆಯಲ್ಲಿ ಅವರ ಕೆಲಸ ಲೇಥಿನಿಂದ ಇಳಿದ ಸಾಮಾನನ್ನು ಗೇಜು ಹಿಡಿದು ಅಳೆಯುವುದು. ಸರಿ ಇದ್ದರೆ ಚೀಟಿಗೆ ಸಹಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ವಾಪಸ್. ಅಳೆಯದೆ ಸಹಿ ಹಾಕಬಾರದು ಎನ್ನುವುದು ಆ ಬೆಂಚಿನ ನಿಯಮ. ಉಳಿದವರು ಸೈರನ್ ಕೂಗಿದ ಕೂಡಲೇ ನಿಯಮವನ್ನು ಗೇಟಿನ ಒಳಗೇ ಬಿಟ್ಟು ಬರುತ್ತಿದ್ದರು. ಚಿಕ್ಕಪ್ಪ ಮಾತ್ರ ಅದನ್ನು ಊಟದ ಡಬ್ಬಿಯ ಜೊತೆ ಮನೆಗೆ ತಂದರು.

ಅಕ್ಕನನ್ನು ನೋಡಲು ತರೀಕೆರೆ ಕಡೆಯ ಗಂಡಿನವರು ಬಂದಿದ್ದರು. ಹುಡುಗಿ ಅಡುಗೆ ಹೇಗೆ ಮಾಡುತ್ತಾಳೆ ಎಂದು ಗಂಡಿನ ತಾಯಿ ಸುಮ್ಮನೆ ಮಾತಿಗೆ ಕೇಳಿದರು. ಅಪ್ಪ ಬಾಯಿ ತೆರೆಯುವುದರೊಳಗೆ ಚಿಕ್ಕಪ್ಪನ ಉತ್ತರ ಬಂತು: "ಈ ತಿಂಗಳು ಆರು ಸಲ ಉಂಡಿದೀನಿ. ನಾಲ್ಕು ಸಲ ಚೆನ್ನಾಗಿತ್ತು."

ಕೇಸರಿಬಾತು ತಿಂದು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವ್ವ ಎರಡು ತಿಂಗಳು ಮೈದುನನ ತಟ್ಟೆಗೆ ಅನ್ನವನ್ನು ಬಡಿಸಲಿಲ್ಲ, ಕುಕ್ಕಿದಳು.

ಇನ್ನು ನನ್ನ ವಿಷಯ. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ಅಪ್ಪ ಹೆಬ್ಬೆಟ್ಟು, ಅವರಪ್ಪನೂ ಹೆಬ್ಬೆಟ್ಟು. ಹಾಗಾಗಿ ಈ ಎರಡು ಅಕ್ಷರವನ್ನು ನಾನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಶಿವಮೊಗ್ಗದ ಕಾಲೇಜಿಗೆ ಹೋಗುವ ಬೆಳಗಿನ ರೈಲಿಗೆ ಮೂರು ವರ್ಷ ದಿನಾ ಚಿಕ್ಕಪ್ಪ ಸೈಕಲ್ಲಿನಲ್ಲಿ ಬಿಟ್ಟು ಬಂದರು. ಅವರು ಇದನ್ನು ಓದಿದರೆ ತಿದ್ದುತ್ತಾರೆ: ದಿನಾ ಅಲ್ಲ, ಎರಡು ಸಲ ಪಂಕ್ಚರ್ ಆಗಿತ್ತು!

ನನಗೆ ಹೈಸ್ಕೂಲು ಮೇಷ್ಟರ ಕೆಲಸ ಸಿಕ್ಕ ವರ್ಷವೇ ಅವರು ಸಿಂಗಾಪುರದ ಹಡಗು ಕಟ್ಟುವ ಯಾರ್ಡಿಗೆ ಕೆಲಸಕ್ಕೆ ಹೋದರು. ಹನ್ನೊಂದು ವರ್ಷ ಅಲ್ಲಿದ್ದು, ಐವತ್ತು ದಾಟಿದ ಮೇಲೆ, ಬ್ರಹ್ಮಚಾರಿಯಾಗಿಯೇ ವಾಪಸಾದರು. ಫಾರಿನ್ನಿನಿಂದ ಬಂದವರು ಟೇಪ್ ರೆಕಾರ್ಡರ್ ತರುತ್ತಿದ್ದ ಕಾಲ. ಇವರು ತಂದದ್ದು ಒಂದು ಫೋಟೊ. ಮೋಟುಗೂದಲಿನ, ದುಂಡು ಮುಖದ ಒಬ್ಬ ಹೆಂಗಸು. ಫಿಲಿಪೀನ್ಸಿನವಳು, ಅಲ್ಲಿ ಯಾರದೋ ಮನೆಗೆಲಸಕ್ಕೆ ಇದ್ದವಳು, ಭಾನುವಾರ ಮಾತ್ರ ರಜೆ. ಈಗ ಅವಳೂ ತನ್ನೂರಿಗೆ ಹೋಗಿದ್ದಾಳೆ, ಇಲ್ಲಿಗೆ ಕರೆಸಿಕೊಳ್ಳಬೇಕು ಎಂದರು.

"ತಾಳಿ ಕಟ್ಟಿದೀಯೇನೋ ಮಾರಾಯ?" ಎಂದಳು ಅವ್ವ.

"ಕಟ್ಟಕ್ಕಾಗಲ್ಲ ಅತ್ತಿಗೆ. ಅವಳ ಗಂಡ ಬಿಟ್ಟು ಹೋಗಿ ಇಪ್ಪತ್ತು ವರ್ಷ ಆಯ್ತು. ಆ ದೇಶದಲ್ಲಿ ಡೈವೋರ್ಸ್ ಇಲ್ಲ. ಅವನು ಕಾಗದದಲ್ಲಿ ಇದಾನೆ, ಮನೇಲಿಲ್ಲ."

"ಮತ್ತೆ ನೀನು?"

"ನಾನು ಕಾಗದದಲ್ಲಿಲ್ಲ."

ಅವ್ವ ಫೋಟೊವನ್ನು ಮಗುಚಿ ಇಟ್ಟು ಒಳಗೆ ಹೋದಳು.

ಚಿಕ್ಕಪ್ಪ ಬಾಡಿಗೆ ಮನೆ ಹುಡುಕಲು ಹೊರಟರು. ಯಾರ್ಯಾರು ಇರುತ್ತೀರಿ ಎಂದು ಕೇಳುವುದು ಮನೆ ಮಾಲೀಕರ ಧರ್ಮ. ಸಂಸಾರ ಎಂದಿದ್ದರೆ ಮುಗಿಯುತ್ತಿತ್ತು. ಇವರು, "ನಾನು, ನನ್ನ ಜೊತೆ ಮದುವೆ ಆಗದ ಒಬ್ಬ ಹೆಂಗಸು" ಎಂದರು. ಮೂರು ಓಣಿಗಳಲ್ಲಿ ಬಾಗಿಲು ಮುಚ್ಚಿದವು. ಕೊನೆಗೆ ಗ್ಯಾರೇಜಿನ ಸಾಬರೊಬ್ಬರು ಮಹಡಿ ಮೇಲಿನ ಎರಡು ಕೋಣೆ ಕೊಟ್ಟರು. "ನನ್ ಗ್ಯಾರೇಜಿಗೆ ಬರೋರೆಲ್ಲ ಸುಳ್ಳೇ ಹೇಳ್ತಾರೆ. ನೀವೊಬ್ರಾದ್ರೂ ಇರಿ ಭಾಯ್" ಎಂದರಂತೆ. ಚಿಕ್ಕಪ್ಪ ಆ ಕೋಣೆಗಳಿಗೆ ಸುಣ್ಣ ಬಳಿದು, ಅವಳ ಎತ್ತರ ನೆನಪಿನಲ್ಲೇ ಇತ್ತಲ್ಲ, ಅಡುಗೆ ಕಟ್ಟೆಯನ್ನು ನಾಲ್ಕು ಇಂಚು ತಗ್ಗಿಸಿ ಕಟ್ಟಿಸಿದರು.

ಉಳಿದದ್ದು ವೀಸಾ. ಅರ್ಜಿ ಹಾಕುವವಳು ಅವಳು, ಅವಳ ಊರಿನಲ್ಲಿ. ಆದರೆ ಕರೆಸುವವರ ವಿವರ ಇಲ್ಲಿಂದ ಹೋಗಬೇಕು. ಸ್ವಂತ ಮನೆ, ಕಾಯಂ ನೌಕರಿ ಇರುವ ಒಬ್ಬರು ಜವಾಬ್ದಾರಿಯ ಪತ್ರ ಕೊಡಬೇಕು ಎಂದು ಅಲ್ಲಿರುವ ನಮ್ಮ ದೇಶದ ವೀಸಾ ಕಚೇರಿಯವರು ಹೇಳಿಕಳಿಸಿದ್ದರು. ನಮ್ಮ ಬಳಗದಲ್ಲಿ ಅಂಥವನು ಯಾರು? ಶಿವಮೊಗ್ಗದ ವಿದ್ಯಾನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿ, ಗೇಟಿಗೆ ಹೆಸರಿನ ಮುಂದೆ ಬಿ.ಎ. ಎಂದು ಬರೆಸಿಕೊಂಡಿದ್ದ ನಾನೇ!

ಶಿವಮೊಗ್ಗದ ಟೈಪಿಂಗ್ ಅಂಗಡಿಯಲ್ಲಿ ಕೂತೆವು. ಮೊದಲು ಚಿಕ್ಕಪ್ಪನ ಪತ್ರ, ಅದರಲ್ಲಿ ಅರ್ಜಿದಾರಳಿಗೂ ನಿಮಗೂ ಏನು ಸಂಬಂಧ ಎಂಬ ಕಾಲಂ. ಮದುವೆ ಗೊತ್ತಾಗಿದೆ ಎಂದು ಹಾಕೋಣವೇ ಎಂದು ಟೈಪಿಸ್ಟ್ ಕೇಳಿದ. ಗೊತ್ತಾಗಿಲ್ಲವಲ್ಲ ಎಂದರು ಚಿಕ್ಕಪ್ಪ. ಸ್ನೇಹಿತೆ? ಸ್ನೇಹಿತೆಗೆ ಯಾರಾದರೂ ಅಡುಗೆ ಕಟ್ಟೆ ಒಡೆಸುತ್ತಾರೆಯೇ? ಕೊನೆಗೆ ತಾವೇ ಹೇಳಿ ಬರೆಸಿದರು: "ಹನ್ನೊಂದು ವರ್ಷ, ಓವರ್‌ಟೈಮ್ ಇದ್ದ ಭಾನುವಾರ ಬಿಟ್ಟು, ಉಳಿದ ಭಾನುವಾರ ನನ್ನ ಜೊತೆ ಊಟ ಮಾಡಿದವಳು." ಕಾಲಂ ಇದ್ದದ್ದು ಒಂದೂವರೆ ಇಂಚು. ಅಂದಾಜಲ್ಲ, ಜೇಬಿನಿಂದ ಸ್ಕೇಲು ತೆಗೆದು ಅಳೆದರು! ವಾಕ್ಯವನ್ನು ಮಾರ್ಜಿನ್ನಿನಲ್ಲಿ ಸುತ್ತಿಸಬೇಕಾಯಿತು.

ನಂತರ ನನ್ನ ಪತ್ರ. ಅದರಲ್ಲೂ ಅದೇ ಕಾಲಂ.

"ಏನಂತ ಬರೀಲಿ ಚಿಕ್ಕಪ್ಪ?"

"ನಿಂಗೆ ಅವಳು ಏನಾಗ್ಬೇಕು ಅನ್ನೋದು ನಿಂಗೇ ಗೊತ್ತು. ಅದನ್ನ ನಾನು ಅಳೆಯಕ್ಕಾಗಲ್ಲ."

ನನಗೆ ಪಕ್ಕದ ಮನೆಯವರ ಮುಖ ಕಂಡಿತು. ಸ್ಟಾಫ್ ರೂಮು ಕಂಡಿತು. ಹೆಂಡತಿಯ ತವರಿನವರು ಕಂಡರು. ಓದಿದವನಿಗೆ ನುಣುಚಿಕೊಳ್ಳುವ ವಾಕ್ಯ ಎಲ್ಲಿ ಸಿಗುತ್ತದೆಂದು ಗೊತ್ತಿರುತ್ತದೆ. ನಾನು ಅದನ್ನು ಚಿಕ್ಕಪ್ಪನ ಜೇಬಿನಿಂದಲೇ ಎತ್ತಿಕೊಂಡೆ. ಅವಳನ್ನು ನಾನು ಕಂಡಿಲ್ಲ, ಮಾತಾಡಿಸಿಲ್ಲ, ಅಳೆಯದೆ ಹೇಗೆ ಬರೆಯಲಿ ಎಂದೆ. ಸಂಬಂಧವಿಲ್ಲ ಎಂದು ಟೈಪ್ ಮಾಡಿಸಿದೆ.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಮೂರು ಸಲ ಓದಿದರು. ತಪ್ಪು ಹುಡುಕುತ್ತಿದ್ದರೋ ಏನೋ. ಸಿಗಲಿಲ್ಲ.

"ಸರಿ ಇದೆ" ಎಂದರು.

ಸರಿ ಇಲ್ಲದ್ದನ್ನು ಅವರು ಪಾಸು ಮಾಡಿದ್ದು ಜೀವಮಾನದಲ್ಲಿ ಅದೊಂದೇ.

ನಾಲ್ಕು ತಿಂಗಳಿಗೆ ವೀಸಾ ಇಲ್ಲ ಎಂದು ಬಂತು. ಜವಾಬ್ದಾರಿ ಹೊರುವವನೇ ಸಂಬಂಧವಿಲ್ಲ ಎಂದರೆ ಯಾವ ದೇಶ ಬಾಗಿಲು ತೆಗೆದೀತು? ಚಿಕ್ಕಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಎಸ್‌ಟಿಡಿ ಬೂತಿಗೆ ಹೋಗಿ ಅವಳಿಗೆ ಫೋನ್ ಮಾಡುತ್ತಿದ್ದರು. ಅವಳು ತನ್ನೂರಿನ ಒಂದು ಅಂಗಡಿಯಲ್ಲಿ ಬಂದು ಕಾಯುತ್ತಿದ್ದಳು.

ವರ್ಷದ ಮೇಲೆ ಅವರಿಗೆ ಹರ್ನಿಯಾ ಆಪರೇಷನ್ ಆಯಿತು. ನೋವು ಹೇಗಿದೆ ಎಂದು ಕೇಳಿದ ಡಾಕ್ಟರಿಗೆ, "ಯಾವುದಕ್ಕೆ ಹೋಲಿಸಿ ಹೇಳ್ಲಿ?" ಎಂದರು! ಅದು ಶನಿವಾರ. ಮರುದಿನ ಬೂತಿಗೆ ನನ್ನನ್ನು ಕಳಿಸಿದರು. ಅವಳು ಕಾಯುತ್ತಾಳೆ, ಆಪರೇಷನ್ ಆಯಿತು ಅನ್ನು, ಚೆನ್ನಾಗಿದೆ ಅನ್ನಬೇಡ, ಹೊಲಿಗೆ ಇನ್ನೂ ಬಿಚ್ಚಿಲ್ಲ ಎಂದರು.

ಗಂಟೆ ಎರಡು ಸಲವೂ ಬಡಿಯಲಿಲ್ಲ, ಎತ್ತಿದಳು. "ಊಟ ಆಯ್ತಾ?" ಎಂದಳು. ಭದ್ರಾವತಿಯ ಕನ್ನಡ, ಅದೂ ಚಿಕ್ಕಪ್ಪನ ಎಳೆದ ದನಿಯಲ್ಲೇ. ನಾನು ಯಾರೆಂದು ತಡವರಿಸುತ್ತ ಹೇಳಿದೆ. ಅವಳು ಒಂದೊಂದೇ ಪದ ಹುಡುಕಿ ಕೇಳಿದಳು:

"ಸೈಕಲ್... ರೈಲು... ಬಿ.ಎ. ಮಗ?"

ಮೀಟರು ಓಡುತ್ತಿತ್ತು. ಹೌದು ಎಂದೆ. ಆಪರೇಷನ್ ಆಯಿತು, ಹೊಲಿಗೆ ಇನ್ನೂ ಬಿಚ್ಚಿಲ್ಲ ಎಂದೆ.

ಸೋಮವಾರವೇ ಹೊಸ ಪತ್ರ ಟೈಪ್ ಮಾಡಿಸಿದೆ. ಆ ಕಾಲಂನಲ್ಲಿ ಚಿಕ್ಕಮ್ಮ ಎಂದು ಹಾಕಿಸಿ ಆಸ್ಪತ್ರೆಗೆ ಒಯ್ದೆ. ಚಿಕ್ಕಪ್ಪ ಮಲಗಿಕೊಂಡೇ ಓದಿದರು. "ಎಷ್ಟು ಹೊತ್ತು ಮಾತಾಡಿದೆ?"

"ಮೂರು ನಿಮಿಷ."

"ಮೂರು ನಿಮಿಷಕ್ಕೆ ಇಷ್ಟು ದೊಡ್ಡ ಮಾತು ಬರೀಬಾರ್ದು ಕಣೋ. ಇರ್ಲಿ, ಅದು ನಿನ್ನ ಕಾಲಂ."

ಆ ಅರ್ಜಿಯೂ ವಾಪಸ್ ಬಂತು. ಹಿಂದೆ ಸಂಬಂಧವಿಲ್ಲ ಎಂದವನಿಗೆ ಈಗ ಚಿಕ್ಕಮ್ಮ ಎಲ್ಲಿಂದ ಬಂದಳು ಎಂದು ಕೇಳಿದ್ದರು. ನ್ಯಾಯವೇ. ನನ್ನ ಮೊದಲಿನ ನಿಜ ಎರಡನೆಯ ನಿಜವನ್ನು ನುಂಗಿತ್ತು. ಮೂರನೆಯ ಸಲ ಅವಳೇ ಬೇಡವೆಂದಳು. ತಗ್ಗಿಸಿದ ಅಡುಗೆ ಕಟ್ಟೆಯ ಮುಂದೆ ಚಿಕ್ಕಪ್ಪ ಇವತ್ತಿಗೂ ಬಗ್ಗಿ ನಿಂತು ಸಾರು ಕುದಿಸುತ್ತಾರೆ.

ಭಾನುವಾರ ನಾನೂ ಶಿವಮೊಗ್ಗದಿಂದ ಬೂತಿಗೆ ಹೋಗುತ್ತೇನೆ. ಅವರು ಮಾತಾಡಿ ಮುಗಿಸಿ, "ತಗೋ, ಮಾತಾಡು" ಎಂದು ರಿಸೀವರ್ ಕೊಡುತ್ತಾರೆ. ಎರಡು ವರ್ಷ ಅಷ್ಟೇ ಹೇಳಿದರು.

ಮೊನ್ನೆಯ ಭಾನುವಾರ ಕೊಡುವ ಮೊದಲು ತುಸು ತಡೆದರು. ಮುಖ ಮೀಟರಿನ ಕಡೆಗಿತ್ತು.

"ತಗೋ" ಎಂದರು, "ನಿನ್ನ ಚಿಕ್ಕಮ್ಮ."