ದೊಡ್ಡಮ್ಮನ ಮೂಳೆಗೆ ಬೋರರ್

ನಮ್ಮ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಜೊತೆಗೆ ಹೋಗೋದಕ್ಕೆ ನಾನೇ ಆಗಬೇಕು. ಉಳಿದವರಿಗೆಲ್ಲ ಕೆಲಸ ಇರ್ತದೆ. ನನ್ನಂಥವನನ್ನು ಜೊತೆಗೆ ಕಳಿಸಿದ ಮೇಲೆ ಇಂಥವೆಲ್ಲ ನಡೆಯದೆ ಇರೋದಾದರೂ ಹೇಗೆ.

ಮೂಡಿಗೆರೆ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿಪುಡಿ ಅಂಗಡಿ ಇದೆ. ಬೀಜ ಹುರಿಯೋದು ದೊಡ್ಡಪ್ಪ. ಗಲ್ಲಾದಲ್ಲಿ ಕೂತು, ಪ್ರತಿ ಹುರಿತದ ಕಾಫಿ ಕುಡಿದು ನೋಡಿ, ಸರಿಯಾಗಿದೆ ಅಥವಾ ಸೀದಿದೆ ಅಂತ ಹೇಳೋದು ದೊಡ್ಡಮ್ಮ. ಮಿಷನ್ ಬಾಯಿಗೆ ಚೀಲ ಹಿಡಿದು ನಿಲ್ಲೋದು ನಾನು. ಎಸ್ಸೆಲ್ಸಿಗೆ ಎರಡು ಸಲ ಕೂತಿದ್ದೇನೆ. ಎರಡು ಸಲವೂ ಗಣಿತ ನನ್ನನ್ನು ಬಿಟ್ಟುಕೊಡಲಿಲ್ಲ. ಆದರೂ ಪೊಟ್ಟಣದ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತೇನೆ ಅನ್ನೋ ಒಂದೇ ಕಾರಣಕ್ಕೆ ನಮ್ಮನೆಗೆ ನಾನೇ ವಿದ್ಯಾವಂತ. ಉಳಿದವರ ಗತಿ ನೀವೇ ಯೋಚನೆ ಮಾಡಿ.

ದೊಡ್ಡಮ್ಮನಿಗೆ ಕೀಲುವಾತ ಬಂತು. ಬೆರಳು, ಮಣಿಕಟ್ಟು, ಮಂಡಿ ಎಲ್ಲ ಊದಿ, ಬೆಳಿಗ್ಗೆ ಎದ್ದರೆ ಕಾಫಿ ಫಿಲ್ಟರನ್ನು ತಿರುಗಿಸಿ ಬಿಡಿಸೋದಕ್ಕೂ ಆಗುತ್ತಿರಲಿಲ್ಲ. ಚಿಕ್ಕಮಗಳೂರಿನ ಡಾಕ್ಟ್ರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಕೆಲವೇ ದಿನದಲ್ಲಿ ದೊಡ್ಡಮ್ಮನ ಕೈ ನನ್ನ ಕಿವಿ ಹಿಂಡುವಷ್ಟು ಚುರುಕಾಯ್ತು. ಎಲ್ಲರಿಗೂ ಸಂತೋಷ, ನನ್ನೊಬ್ಬನನ್ನು ಬಿಟ್ಟು. ಆದರೆ ಡಾಕ್ಟ್ರು ಒಂದು ಮಾತು ಸೇರಿಸಿದ್ದರು. ಈ ಮಾತ್ರೆ ಬಹಳ ಕಾಲ ಬೇಕಾಗಬಹುದು, ಬಹಳ ಕಾಲ ತಗೊಂಡರೆ ಒಳಗೆ ಮೂಳೆ ಸವೀತದೆ, ಮೂಳೆ ಗಟ್ಟಿ ಮಾಡೋದಕ್ಕೆ ಇನ್ನೊಂದು ಮಾತ್ರೆ ಇದೆ, ತಗೊಳ್ಳೋದೋ ಬೇಡವೋ ಅಂತ ಯೋಚಿಸಿ ನೀವೇ ಹೇಳಿ, ಅಂತ.

ದೊಡ್ಡಮ್ಮನಿಗೆ ಅಲ್ಲಿಂದ ನಿದ್ದೆ ಹೋಯ್ತು. ಅವರ ಅಮ್ಮ ಸಂಸೆಯ ತವರುಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಮತ್ತೆ ಎದ್ದು ಓಡಾಡಲಿಲ್ಲ. ಆ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ ಮಾತ್ರೆಯ ಹೆದರಿಕೆ.

"ನೋವಿಗೆ ಒಂದು ಮಾತ್ರೆ. ಆ ಮಾತ್ರೆ ಮಾಡೋ ಕೇಡಿಗೆ ಇನ್ನೊಂದು ಮಾತ್ರೆ. ಅದು ಮಾಡೋ ಕೇಡಿಗೆ ಎಂತ ಮಾಡೋದು ಮಾರಾಯ?" ಅಂತ ನನ್ನನ್ನು ಕೇಳಿದರು.

ನನ್ನನ್ನು ಕೇಳಿದ್ದೇ ಮೊದಲನೇ ತಪ್ಪು.

೧. ಹಲ್ಲಿನ ವಿಚಾರ

ತೀರ್ಮಾನ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಡಾಕ್ಟ್ರು ನನಗೆ ಎರಡು ಸಲ ಬಿಡಿಸಿ ಹೇಳಿದ್ದರು. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕ ಸೀಟು ಸಿಕ್ತು. ಇಳಿಯೋ ಹೊತ್ತಿಗೆ ಹೆಸರು ಮರೆತಿತ್ತು. 'ಡೆನ್' ಅಂತ ಶುರುವಾಗ್ತದೆ ಅನ್ನೋದಷ್ಟು ನೆನಪಿತ್ತು. ಡೆನ್ ಅಂತ ಶುರುವಾಗೋದು ನಮ್ಮ ಊರಲ್ಲಿ ಒಂದೇ ಬೋರ್ಡಿನಲ್ಲಿ, ಡೆಂಟಿಸ್ಟ್.

ಮಾರನೇ ದಿನ ದೊಡ್ಡಮ್ಮನನ್ನು ಹಲ್ಲಿನ ಡಾಕ್ಟ್ರ ಹತ್ತಿರ ಕೂರಿಸಿ, "ಸ್ಟೀರಾಯ್ಡ್ ತಗೊಳ್ತಿದಾರೆ. ಮೂಳೆ ಗಟ್ಟಿ ಆಗೋ ಮಾತ್ರೆ ತಗೊಳ್ಬೇಕೋ ಬೇಡವೋ ನೋಡ್ಬೇಕಂತೆ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಸಿಕೊಳ್ಳೋದಕ್ಕೆ ರೆಡಿಯಾದೆ.

"ಆ ಮಾತ್ರೆ ಶುರು ಮಾಡೋ ಮೊದಲು ಹಲ್ಲು ತೋರಿಸ್ಬೇಕು ಅಂತ ಗೊತ್ತಿರೋರೇ ಕಮ್ಮಿ. ಆಮೇಲೆ ಹಲ್ಲು ಕೀಳೋ ಹಾಗಾದ್ರೆ ಕೆಲವರಿಗೆ ದವಡೆ ಮಾಯೋದು ಕಷ್ಟ ಆಗ್ತದೆ. ಭಾರಿ ಹುಷಾರಿದೀಯ ಮಾರಾಯ. ಎಂತ ಓದಿದೀಯ?"

ನನ್ನ ಜನ್ಮದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅಷ್ಟು ಗೌರವದಿಂದ ಕೇಳಿದಾಗ "ಇನ್ನೂ ಓದ್ತಾ ಇದೀನಿ ಸರ್" ಅಂದೆ. ಸುಳ್ಳಲ್ಲ, ಮೂರನೇ ಸಲ ಕಟ್ಟಿದ್ದೆ.

ಅವರು ದೊಡ್ಡಮ್ಮನ ಬಾಯೆಲ್ಲ ನೋಡಿ, ಅಲ್ಲಾಡುತ್ತಿದ್ದ ಒಂದು ದವಡೆ ಹಲ್ಲು ಕಿತ್ತು, ಗಾಯ ಮಾಯುವ ತನಕ ಮೂಳೆ ಮಾತ್ರೆ ಬೇಡ ಅಂದರು. ಮನೆಗೆ ಬಂದ ಮೇಲೆ ಚಿಕ್ಕಮಗಳೂರಿನ ಡಾಕ್ಟ್ರು ಬರೆದುಕೊಟ್ಟು, ನಾನು ಬಿಡಿಸಿಯೂ ನೋಡದೆ ಜೇಬಲ್ಲಿಟ್ಟಿದ್ದ ಚೀಟಿಯನ್ನು ದೊಡ್ಡಪ್ಪ ಪಕ್ಕದ ಮೆಡಿಕಲ್‌ನವರಿಗೆ ತೋರಿಸಿದರು. ಡಾಕ್ಟ್ರು ಹೇಳಿದ್ದು ಡೆಂಟಿಸ್ಟ್ ಅಲ್ಲ, ಡೆನ್ಸಿಟಿ ಅಂತೆ. ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡೋ ಸ್ಕ್ಯಾನು.

"ಹೋಗ್ಲಿ ಬಿಡಿ, ಇದೂ ಆಗ್ಬೇಕಿತ್ತಂತಲ್ಲ, ನಾನು ತಪ್ಪಿದ್ರೂ ಸರಿಯಾಗೇ ತಪ್ಪಿದೀನಿ" ಅಂದೆ.

ದೊಡ್ಡಮ್ಮ ಕೆನ್ನೆಗೆ ಒತ್ತಿಕೊಂಡಿದ್ದ ಬಟ್ಟೆ ತೆಗೆದು ಹೇಳಿದರು: "ಕಿವಿ ಕೇಳದೆ ಇರೋದು ನಿನಗೆ. ಹಲ್ಲು ಹೋಗಿದ್ದು ನಂದು."

೨. ಜಿಮ್ಮಿನ ಹುಡುಗ

ನಮ್ಮ ಅಂಗಡಿಗೆ ಬೀಜದ ಮೂಟೆ ಇಳಿಸೋ ಹುಡುಗನೊಬ್ಬ ಇದ್ದಾನೆ. ಜಿಮ್ಮಿಗೆ ಹೋಗ್ತಾನೆ. ನನ್ನ ತೋಳನ್ನು ಎರಡು ಬೆರಳಲ್ಲಿ ಅಳೆದು ತೋರಿಸಿ ನಗೋದು ಅವನ ದಿನದ ಕೆಲಸ. ಒಂದು ದಿನ ತಡೆಯಲಾರದೆ, "ನೀನೆಂತ ಮಹಾ. ನಮ್ಮ ದೊಡ್ಡಮ್ಮ ಸ್ಟೀರಾಯ್ಡ್ ತಗೊಳ್ತಾರೆ" ಅಂದುಬಿಟ್ಟೆ.

ಅವನು ಗಲ್ಲಾದ ಕಡೆ ನೋಡಿದ. ಆ ಮಾತ್ರೆಗೆ ದೊಡ್ಡಮ್ಮನ ಮುಖ ಊದಿ ಹುಣ್ಣಿಮೆ ಚಂದ್ರನ ಹಾಗಾಗಿತ್ತು. ಹಸಿವೂ ಜಾಸ್ತಿಯಾಗಿ, ಆ ಹೊತ್ತಿಗೆ ಸರಿಯಾಗಿ ಮೂರನೇ ಕಡುಬು ಮುರಿಯುತ್ತಿದ್ದರು. ಅವನಿಗೆ ಸಾಕ್ಷಿ ಸಿಕ್ಕ ಹಾಗಾಯ್ತು. ಅವತ್ತಿನಿಂದ ಮೂಟೆಗಳನ್ನು ಎಸೆಯೋದು ಬಿಟ್ಟು ಮಗುವಿನ ಹಾಗೆ ಇಳಿಸೋದಕ್ಕೆ ಶುರುಮಾಡಿದ. ದೊಡ್ಡಮ್ಮ ಕೆಮ್ಮಿದರೆ ಸಾಕು, ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ನನಗೂ ಆಸೆ ಹುಟ್ಟಿತು. ಸ್ಕ್ಯಾನಿಗೆ ಚಿಕ್ಕಮಗಳೂರಿಗೆ ಹೋದಾಗ, ದೊಡ್ಡಮ್ಮ ಆಚೆ ಹೋಗೋದನ್ನು ಕಾದು ಡಾಕ್ಟ್ರನ್ನು ಮೆಲ್ಲಗೆ ಕೇಳಿದೆ. "ಸರ್, ನನಗೂ ಒಂದೆರಡು ತಿಂಗಳಿಗೆ ಆ ಮಾತ್ರೆ ಬರೆದು ಕೊಡ್ತೀರಾ? ತೋಳು ಬರ್ಬೇಕಿತ್ತು."

"ತೋಳು ಬರೋದು ಬೇರೆ ಸ್ಟೀರಾಯ್ಡಿಗೆ ಕಣಪ್ಪ. ಈ ಮಾತ್ರೆ ಇರೋ ಮಾಂಸವನ್ನೂ ಕರಗಿಸ್ತದೆ" ಅಂದ ಡಾಕ್ಟ್ರು ನನ್ನ ತೋಳಿನ ಕಡೆ ಒಂದು ಸಲ ನೋಡಿ ಸೇರಿಸಿದರು, "ನಿನಗೆ ಕೊಟ್ರೆ ಅದಕ್ಕೂ ಕೆಲಸ ಸಿಗಲ್ಲ."

೩. ಬೋರರ್

ಸ್ಕ್ಯಾನಿನ ರಿಪೋರ್ಟು ಬಂತು. ಈ ಸಲ ದೊಡ್ಡಪ್ಪನೂ ಅಂಗಡಿ ಮುಚ್ಚಿ ಜೊತೆಗೆ ಬಂದರು. ನನ್ನ ಮೇಲಿನ ನಂಬಿಕೆ ಹಲ್ಲಿನ ಜೊತೆಗೇ ಹೋಗಿತ್ತು.

ಡಾಕ್ಟ್ರು ರಿಪೋರ್ಟು ನೋಡಿ, ಮೂಳೆ ಗಟ್ಟಿತನದ ಲೆಕ್ಕ ಮೈನಸ್ ಎರಡೂವರೆಗಿಂತ ಕೆಳಗಿದೆ ಅಂದರು. ನಾನು ಗಣಿತದಲ್ಲಿ ನೂರಕ್ಕೆ ಹನ್ನೊಂದು ತಗೊಂಡವನು. ಸೊನ್ನೆಗಿಂತ ಕೆಳಗೂ ಇಳಿಯೋದಕ್ಕೆ ಜಾಗ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಸ್ವಲ್ಪ ಸಮಾಧಾನವೂ ಆಯ್ತು.

ಡಾಕ್ಟ್ರು ಬಯಲುಸೀಮೆ ಕಡೆಯವರು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಚಿತ್ರ ಬರೆದು ವಿವರಿಸಿದರು. ದೊಡ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ ನನ್ನ ಕಡೆ ತಿರುಗಿ "ಎಂತಂತೆ?" ಅಂದರು. ನನ್ನ ವಿದ್ಯೆ ತೋರಿಸೋದಕ್ಕೆ ಇದೇ ಸಮಯ ಅಂದುಕೊಂಡೆ.

"ತೋಟದಲ್ಲಿ ಬೋರರ್ ಹುಳ ಗೊತ್ತಲ್ಲ ದೊಡ್ಡಮ್ಮ? ಹೊರಗಿಂದ ಕಾಫಿ ಗಿಡ ಚೆನ್ನಾಗೇ ಕಾಣ್ತದೆ. ಒಳಗೆ ಕಾಂಡ ಕೊರೆದು ಪುಡಿ ಮಾಡಿರ್ತದೆ. ನಿಮ್ಮ ಮೂಳೆಗೆ ಹಾಗೇ ಆಗಿದೆ. ಮೂಳೆಗೆ ಬೋರರ್ ಹೊಡೆದಿದೆ."

ಇಷ್ಟು ಸರಿಯಾಗಿ ನಾನು ಯಾವತ್ತೂ ಯಾವ ಪಾಠವನ್ನೂ ಹೇಳಿದವನಲ್ಲ. ಆದರೆ ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. ದೊಡ್ಡಪ್ಪ ಕಣ್ಣು ಒರೆಸಿಕೊಂಡರು.

ಡಾಕ್ಟ್ರು ಗಾಬರಿಯಾದರು. "ಏನಾಯ್ತು? ಯಾಕೆ ಅಳ್ತಿದೀರಿ? ಬೋರರ್ ಬಂದ್ರೆ ಏನ್ ಮಾಡ್ತೀರಿ ನೀವು?"

"ಕಿತ್ತು ಸುಟ್ಟು ಹಾಕ್ತೇವೆ" ಅಂದರು ದೊಡ್ಡಪ್ಪ.

ಡಾಕ್ಟ್ರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿಯನ್ನು ನಾನು ಬರೆದು ತಿಳಿಸೋದಕ್ಕೆ ಆಗೋದಿಲ್ಲ. ಆದರೂ ಜಾಣರು ಅವರು. "ಆಯ್ತು, ಬೋರರೇ ಅಂದ್ಕೊಳ್ಳಿ. ಗಿಡ ಹಾಳಾಗೋದಕ್ಕೆ ಮೊದಲು ಏನು ಮಾಡ್ತೀರಿ?" ಅಂತ ಕೇಳಿದರು.

"ಕಾಂಡ ಉಜ್ಜಿ ಸುಣ್ಣ ಹೊಡೀತೇವೆ."

"ಅಷ್ಟೇ ನೋಡಿ. ಕ್ಯಾಲ್ಸಿಯಂ ಅಂದ್ರೂ ಒಂಥರಾ ಸುಣ್ಣನೇ."

ದೊಡ್ಡಮ್ಮನಿಗೆ ಜೀವ ಬಂತು. "ಹಾಗಾದ್ರೆ ಮಾತ್ರೆ ಯಾಕೆ? ಎಲೆ ಅಡಿಕೆ ಜೊತೆ ದಿನಾ ಸುಣ್ಣ ಹಾಕ್ತೇನಲ್ಲ. ಇನ್ನೊಂಚೂರು ಜಾಸ್ತಿ ಹಚ್ಚಿದ್ರಾಯ್ತು."

ಡಾಕ್ಟ್ರು ತಲೆ ಮೇಲೆ ಕೈಯಿಟ್ಟುಕೊಂಡರು. ಕ್ಯಾಲ್ಸಿಯಂ ಬೇಕು, ಅದೊಂದೇ ಸಾಲದು, ವಾರಕ್ಕೊಂದು ಮೂಳೆ ಮಾತ್ರೆಯೂ ತಗೊಂಡರೆ ಒಳ್ಳೇದು ಅಂತ ನಿಧಾನವಾಗಿ ಹೇಳಿದರು. ಸ್ಟೀರಾಯ್ಡನ್ನೇ ನಿಲ್ಲಿಸಿಬಿಡ್ಲಾ ಅಂತ ದೊಡ್ಡಮ್ಮ ಕೇಳಿದ್ದಕ್ಕೆ, ತಮ್ಮನ್ನು ಕೇಳದೆ ಅದನ್ನು ತಟ್ಟಂತ ನಿಲ್ಲಿಸಲೇಬಾರದು, ಅಪಾಯ ಅಂದರು. ಕೊನೆಗೆ ದೊಡ್ಡಮ್ಮ, "ನಮ್ಮಮ್ಮ ಮಲಗಿದ ಹಾಗೆ ನಾನು ಮಲಗಬಾರದು ಡಾಕ್ಟ್ರೇ. ತಗೊಳ್ತೇನೆ" ಅಂದರು. ಎಲ್ಲರ ಎದೆ ಹಗುರಾಯ್ತು.

ಹೊರಡುವಾಗ ಡಾಕ್ಟ್ರು ನನ್ನನ್ನು ಹತ್ತಿರ ಕರೆದರು. ಬೆನ್ನು ತಟ್ಟುತ್ತಾರೆ ಅಂತ ಬಗ್ಗಿದೆ. "ಮುಂದಿನ ಸಲ ಬರುವಾಗ ಇನ್ಯಾರೂ ಇಲ್ವಾ ನಿಮ್ಮನೇಲಿ?" ಅಂತ ಕೇಳಿದರು.

೪. ಯಾವ ಡಾಕ್ಟ್ರು

ಮಾತ್ರೆ ಮನೆಗೆ ಬಂತು. ತೊಂದರೆ ಅಲ್ಲಿಂದ ಶುರುವಾಯ್ತು.

ಮೆಡಿಕಲ್‌ನವರು ನನಗೆ ಹೇಳಿ ಕಳಿಸಿದ್ದರು. ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ನೆಟ್ಟಗೆ ಕೂತಿರಬೇಕು ಇಲ್ಲ ಓಡಾಡಬೇಕು. ಆ ಅರ್ಧ ಗಂಟೆ ಏನೂ ತಿನ್ನಬಾರದು, ಕಾಫಿಯನ್ನಂತೂ ಕುಡಿಯಲೇಬಾರದು. ನಾನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹಾಗೇ ಬಂದು ಹೇಳಿದೆ.

ದೊಡ್ಡಮ್ಮ ಕಾಫಿ ಅನ್ನುವ ತನಕ ಸುಮ್ಮನೆ ಕೇಳಿದರು. ಆಮೇಲೆ ನಕ್ಕರು.

"ಬೆಳಗಿನ ಕಾಫಿ ಕುಡೀಬೇಡಿ ಅಂತ ಚಿಕ್ಕಮಗಳೂರಿನ ಡಾಕ್ಟ್ರು ಹೇಳ್ತಾರಾ? ಕಾಫಿಪುಡಿ ಅಂಗಡಿಯವರಿಗೆ? ಇದು ನಿನ್ನ ಆಟ."

"ದೇವರಾಣೆ ದೊಡ್ಡಮ್ಮ."

"ನಿನಗೆ ಯಾವ ದೇವರ ಭಯ ಇದೆ?"

ತಪ್ಪು ಅವರದಲ್ಲ. ದನಿ ಬದಲಾಯಿಸಿ ಫೋನು ಮಾಡೋದರಲ್ಲಿ ನನ್ನದು ಸ್ವಲ್ಪ ಹೆಸರಿದೆ. ಅಂಗಡಿ ಹಿಂದಿನ ಗೋಡೌನಿನಲ್ಲಿ ಕೂತು ಗೆಳೆಯನ ಫೋನಿಂದ ಕರೆಂಟ್ ಬಿಲ್ಲಿನವನಾಗಿ ಮಾತಾಡಿದ್ದೇನೆ. ಸಂಸೆಯ ಮಾವನಾಗಿ ಮಾತಾಡಿ, ನಾಳೆ ಹತ್ತು ಜನ ಊಟಕ್ಕೆ ಬರ್ತೇವೆ ಅಂದಿದ್ದೇನೆ. ದೊಡ್ಡಮ್ಮ ಹತ್ತು ಜನಕ್ಕೆ ಅಕ್ಕಿ ನೆನೆಹಾಕಿದ್ದರು. ಈಗ ಹುಟ್ಟಿದ್ದಕ್ಕೆ ಒಂದು ಸಲ ನಿಜ ಹೇಳಬೇಕಾಗಿ ಬಂದಾಗ, ನಿಜ ಹೇಳುವವನ ಮುಖ ಹೇಗಿರಬೇಕು ಅಂತ ನನಗೇ ಗೊತ್ತಿರಲಿಲ್ಲ. ಗಂಭೀರವಾಗಿ ಇಟ್ಟುಕೊಳ್ಳೋದಕ್ಕೆ ಹೋದೆ. "ನಗು ತಡ್ಕೊಳ್ತಿದಾನೆ ನೋಡಿ" ಅಂತ ದೊಡ್ಡಪ್ಪನಿಗೆ ತೋರಿಸಿದರು.

ಡಬ್ಬಿಯೊಳಗಿನ ಇಂಗ್ಲಿಷ್ ಕಾಗದ ಬಿಡಿಸಿ ಓದಿ ಹೇಳಿದೆ. "ಅದರಲ್ಲಿ ಎಂತ ಇದ್ರೂ ಓದೋನು ನೀನೇ ಅಲ್ವಾ" ಅಂದರು. ಮೆಡಿಕಲ್‌ನವರನ್ನೇ ಕರೆದು ತಂದೆ. ಅವರು ನನ್ನ ಜೊತೆ ಕ್ರಿಕೆಟ್ ಆಡ್ತಾರೆ ಅನ್ನೋ ಕಾರಣಕ್ಕೆ ಅವರ ಸಾಕ್ಷಿಯೂ ಬಿದ್ದುಹೋಯ್ತು. ಕೊನೆಗೆ ದೊಡ್ಡಮ್ಮ ತೀರ್ಪು ಕೊಟ್ಟರು. ನಾಳೆ ಬೆಳಿಗ್ಗೆ ಮಾತ್ರೆ ನುಂಗೋದು ಖಂಡಿತ. ನುಂಗೋದು ಕಾಫಿ ಜೊತೆಗೇ.

ನನಗೆ ನಿಜವಾಗಿ ಹೆದರಿಕೆಯಾಯ್ತು. ಕಾಫಿ ಜೊತೆ ನುಂಗಿದರೆ ಮಾತ್ರೆ ಮೈಗೆ ಹತ್ತೋದಿಲ್ಲ, ನುಂಗಿ ಮಲಗಿದರೆ ಗಂಟಲಲ್ಲೇ ಸುಡ್ತದೆ ಅಂತಲೂ ಮೆಡಿಕಲ್‌ನವರು ಹೇಳಿದ್ದರು. ನನ್ನ ಕಪಿಚೇಷ್ಟೆಯಿಂದಾಗಿ ದೊಡ್ಡಮ್ಮ ಅವರ ಅಮ್ಮನ ಹಾಗೆ ಹಾಸಿಗೆ ಹಿಡಿದರೆ? ಆಸ್ಪತ್ರೆಗೆ ಫೋನು ಮಾಡಿ, ಡಾಕ್ಟ್ರೇ ಒಂದು ಸಲ ನಮ್ಮ ದೊಡ್ಡಮ್ಮನಿಗೆ ಹೇಳಬೇಕು ಅಂತ ಬೇಡಿಕೊಂಡೆ. ರೋಗಿಗಳೆಲ್ಲ ಮುಗಿದ ಮೇಲೆ ಮಾಡಿಸ್ತೇನೆ ಅಂತ ಅಲ್ಲಿದ್ದ ನರ್ಸ್ ಅಕ್ಕ ಹೇಳಿದರು.

ಸಂಜೆ ದೊಡ್ಡಪ್ಪ ನನ್ನನ್ನು ಕಳಸದ ಬಸ್ಸಿಗೆ ಪುಡಿ ಪಾರ್ಸೆಲ್ ಹಾಕಿ ಬಾ ಅಂತ ಕಳಿಸಿದರು. ಡಾಕ್ಟ್ರ ಫೋನು ಬಂದಿದ್ದು ಆಗಲೇ. ದೊಡ್ಡಮ್ಮ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡೋದು. ಹಾಗಾಗಿ ಅಂಗಡಿಯಲ್ಲಿ ಪುಡಿಗೆ ಕಾಯುತ್ತಿದ್ದ ಗಿರಾಕಿಗಳೆಲ್ಲ ಕೇಳಿದ್ದಾರೆ. ಆಮೇಲೆ ಒಬ್ಬೊಬ್ಬರೂ ನನಗೆ ಅಭಿನಯ ಮಾಡಿಯೂ ತೋರಿಸಿದ್ದಾರೆ.

"ಅಮ್ಮಾ, ನಾನು ಚಿಕ್ಕಮಗಳೂರಿಂದ ಡಾಕ್ಟ್ರು ಮಾತಾಡ್ತಿರೋದು."

"ಹೌದಾ ಡಾಕ್ಟ್ರೇ. ಕಡುಬು ತಿಂದ್ರಾ ಡಾಕ್ಟ್ರೇ?"

"ಏನಮ್ಮಾ? ನೋಡಿ, ಆ ಮೂಳೆ ಮಾತ್ರೆನ ಬರೀ ನೀರಲ್ಲಿ ತಗೋಬೇಕು. ಅರ್ಧ ಗಂಟೆ ಕಾಫಿ ಕುಡೀಬಾರದು."

"ದನಿ ಚೆನ್ನಾಗಿ ಬರ್ತಿದೆ ಮಾರಾಯ. ಸಂಸೆ ಮಾವನ ದನಿಗಿಂತ ಇದು ಲಾಯ್ಕುಂಟು. ಆ ಮೂಗಲ್ಲಿ ಮಾತಾಡೋದು ಥೇಟ್ ಡಾಕ್ಟ್ರ ಹಾಗೇ."

"ಅಮ್ಮಾ, ನಾನು ಡಾಕ್ಟ್ರೇ."

"ನೀನು ಡಾಕ್ಟ್ರಾದ್ರೆ ನಾನು ಡಿಸಿ. ಕತ್ತೆ, ಮೊದ್ಲು ಎಸ್ಸೆಲ್ಸಿ ಪಾಸಾಗು. ಆಮೇಲೆ ನನಗೆ ಕಾಫಿ ಬಿಡಿಸುವಿಯಂತೆ. ಗೋಡೌನಿಂದ ಹೊರಗೆ ಬಾ, ಸೌಟು ಕಾದಿದೆ ನಿನಗೆ."

ಸರಿಯಾಗಿ ಅದೇ ಹೊತ್ತಿಗೆ ನಾನು ರಸ್ತೆ ಕಡೆಯಿಂದ ಅಂಗಡಿ ಮೆಟ್ಟಿಲು ಹತ್ತಿದೆ. ಕೈಯಲ್ಲಿ ಪಾರ್ಸೆಲ್ ರಸೀದಿ, ಬಾಯಲ್ಲಿ ಬಜ್ಜಿ. ದೊಡ್ಡಮ್ಮ ನನ್ನನ್ನು ನೋಡಿದರು. ಫೋನನ್ನು ನೋಡಿದರು. ಮತ್ತೆ ನನ್ನನ್ನು, ಬಜ್ಜಿಯನ್ನು ನೋಡಿದರು.

ಫೋನಿನಿಂದ ತಗ್ಗಿದ ದನಿಯಲ್ಲಿ ಬಂತು: "ಎಸ್ಸೆಲ್ಸಿ ಪಾಸಾಗಿದೀನಮ್ಮಾ."

ದೊಡ್ಡಮ್ಮ ಕೂತಲ್ಲಿಂದ ಎದ್ದು ನಿಂತು, ತಲೆ ಮೇಲೆ ಸೆರಗು ಹೊದ್ದುಕೊಂಡರು. "ಬರೀ ನೀರಲ್ಲೇ ತಗೊಳ್ತೇನೆ ಡಾಕ್ಟ್ರೇ. ಅರ್ಧ ಗಂಟೆ ಯಾಕೆ, ಮಧ್ಯಾಹ್ನದ ತನಕ ಬೇಕಾದ್ರೂ ಕಾಫಿ ಮುಟ್ಟೋದಿಲ್ಲ."

"ಅರ್ಧ ಗಂಟೆ ಸಾಕಮ್ಮಾ" ಅಂದು ಅವರು ಫೋನು ಇಟ್ಟರು.

ನಾನು ಗೆದ್ದವನ ಹಾಗೆ ಎದೆ ಸೆಟೆಸಿ ನಿಂತೆ. ನಿಜ ಹೇಳಿದವನಿಗೆ ಈಗಲಾದರೂ ಒಂದು ಒಳ್ಳೆ ಮಾತು ಸಿಗ್ತದೆ ಅಂತ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಕೂತು, ನನ್ನ ಕೈಯಿಂದ ಉಳಿದರ್ಧ ಬಜ್ಜಿ ಕಿತ್ತುಕೊಂಡರು.

"ಇನ್ಮೇಲೆ ಹೊರಗೆ ಹೋಗುವಾಗ ನನಗೆ ಹೇಳಿ ಹೋಗು ಮಾರಾಯ. ಬೈತಾ ಇರೋದು ಯಾರಿಗೆ ಅಂತ ಗೊತ್ತಾಗ್ಬೇಕಲ್ಲ."